ಒಂದೇ ಸಮಿತಿ, ಎರಡು ನೇಮಕ: ಅಮೆರಿಕದ ಫೆಡರಲ್ ವಿಚಾರಣಾ ಪೀಠದ ದಾರಿ, 1961–1966

ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯಗಳು ಹುಟ್ಟಿದ್ದು 1789ರ ನ್ಯಾಯಾಂಗ ಕಾಯ್ದೆಯಿಂದ. ಅಲ್ಲಿ ನ್ಯಾಯಾಧೀಶರಾಗಲು ಪರೀಕ್ಷೆಯಿಲ್ಲ, ಬಡ್ತಿಯ ಮೆಟ್ಟಿಲುಗಳಿಲ್ಲ. ಕಾನೂನು ಪದವಿ ಇರಲೇಬೇಕೆಂದು ಸಂವಿಧಾನವೂ ಹೇಳುವುದಿಲ್ಲ. ಅಧ್ಯಕ್ಷರು ಹೆಸರಿಸಬೇಕು, ಸೆನೆಟ್ ಒಪ್ಪಬೇಕು, ಅಷ್ಟೇ. ಹೀಗಾಗಿ ರೂಢಿಯೇ ನಿಯಮವಾಯಿತು. ಆಯಾ ರಾಜ್ಯದ ಸೆನೆಟರ್‌ಗಳ ಮಾತಿಗೆ ಬೆಲೆ ಬಂತು. ಪಕ್ಷದ ಒಡನಾಟ, ಸರ್ಕಾರಿ ವಕೀಲಿಕೆ, ದೊಡ್ಡ ವಕೀಲ ಸಂಸ್ಥೆಗಳ ನಂಟು ಉಳ್ಳವರೇ ಹೆಚ್ಚಾಗಿ ಪೀಠ ಏರಿದರು.

1961ರ ಜೂನ್‌ನಲ್ಲಿ ಅಧ್ಯಕ್ಷ ಕೆನಡಿ ಮಿಸಿಸಿಪ್ಪಿಯ ಪೀಠಕ್ಕೆ ಹೆರಾಲ್ಡ್ ಕಾಕ್ಸ್ ಅವರನ್ನು ಹೆಸರಿಸಿದರು. ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಜೇಮ್ಸ್ ಈಸ್ಟ್‌ಲ್ಯಾಂಡ್ ಮಿಸಿಸಿಪ್ಪಿಯವರೇ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾಕ್ಸ್ ಜೊತೆ ಒಂದೇ ಕೋಣೆಯಲ್ಲಿದ್ದವರು. ಒಪ್ಪಿಗೆಗೆ ಕೆಲವೇ ದಿನ ಸಾಕಾಯಿತು. ಮುಂದೆ ಇದೇ ಕಾಕ್ಸ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಂದ ಕಪ್ಪು ಜನರನ್ನು ಪೀಠದಿಂದಲೇ ಹೀನಾಯವಾಗಿ ಜರೆದರು.

ಅದೇ ವಿಶ್ವವಿದ್ಯಾಲಯದ ಬಾಗಿಲನ್ನು 1962ರಲ್ಲಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್‌ಗೆ ತೆರೆಸಿದ ವಕೀಲೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ನೆವಿಸ್ ದ್ವೀಪದಿಂದ ವಲಸೆ ಬಂದ ದಂಪತಿಯ ಮಗಳು. 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ. ಕಪ್ಪು ಜನರ ಹಕ್ಕುಗಳಿಗಾಗಿ ವಕೀಲ ಥರ್ಗುಡ್ ಮಾರ್ಷಲ್ ಕಟ್ಟಿದ ಕಾನೂನು ರಕ್ಷಣಾ ನಿಧಿಯೇ ಅವರ ನಿಜವಾದ ಗರಡಿ. ಸುಪ್ರೀಂ ಕೋರ್ಟಿನಲ್ಲಿ 10 ಪ್ರಕರಣ ವಾದಿಸಿ 9 ಗೆದ್ದರು. ಆಮೇಲೆ ನ್ಯೂಯಾರ್ಕ್ ರಾಜ್ಯದ ಸೆನೆಟ್, ಮ್ಯಾನ್‌ಹಟನ್ ಬರೋದ ಅಧ್ಯಕ್ಷಗಿರಿ. ಅರ್ಹತೆಯ ಮಾತಾದರೆ ಇದಕ್ಕಿಂತ ಏನು ಬೇಕಿತ್ತು?

ಅಧ್ಯಕ್ಷ ಜಾನ್ಸನ್ ಮೊದಲು ಅವರನ್ನು ಮೇಲ್ಮನವಿ ನ್ಯಾಯಾಲಯಕ್ಕೇ ಕಳಿಸಲು ಬಯಸಿದ್ದರು. ವಿರೋಧ ಬಂದು, 1966ರ ಜನವರಿಯಲ್ಲಿ ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ವಿಚಾರಣಾ ಪೀಠಕ್ಕೆ ಹೆಸರಿಸಿದರು. ಈಸ್ಟ್‌ಲ್ಯಾಂಡ್ ಕಮ್ಯುನಿಸ್ಟ್ ನಂಟಿನ ಆರೋಪ ಹೊರಿಸಿ ಕಡತ ಹಿಡಿದಿಟ್ಟರು. ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ ಕೊನೆಗೆ. ಫೆಡರಲ್ ನ್ಯಾಯಾಧೀಶೆಯಾದ ಮೊದಲ ಕಪ್ಪು ಮಹಿಳೆ ಅವರು.

ಹಾಗೆಂದು ಪೀಠ ಏರಿದ ದಾರಿಯಿಂದಲೇ ತೀರ್ಪನ್ನು ಊಹಿಸಬಹುದೆಂದು ನಾನು ಹೇಳಲಾರೆ. 1964ರಲ್ಲಿ ಮಿಸಿಸಿಪ್ಪಿಯ ನೆಶೋಬಾದಲ್ಲಿ ಮೂವರು ಹಕ್ಕು ಹೋರಾಟಗಾರರ ಕೊಲೆಯಾಯಿತು. ಆ ಪ್ರಕರಣದ ಬಹುತೇಕ ಗಂಭೀರ ಆರೋಪಗಳನ್ನು ಕಾಕ್ಸ್ ಕೈಬಿಟ್ಟಿದ್ದರು. 1966ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಮರಳಿ ತಂದಿತು. ಮರುವರ್ಷ ಅವರದೇ ನ್ಯಾಯಾಲಯದಲ್ಲಿ ಜ್ಯೂರಿ ಏಳು ಮಂದಿಯನ್ನು ತಪ್ಪಿತಸ್ಥರೆಂದಿತು. ಶಿಕ್ಷೆ ವಿಧಿಸಿದವರು ಕಾಕ್ಸ್. ಫೆಡರಲ್ ನ್ಯಾಯಾಧೀಶರ ಜೀವಾವಧಿ ಹುದ್ದೆ ಅವರನ್ನು ಹಳೆಯ ಋಣದಿಂದ ಬಿಡಿಸುತ್ತದೆ ಎನ್ನುವವರಿಗೆ ಇದು ಅರ್ಧ ಸಾಕ್ಷ್ಯ ಮಾತ್ರ.

ಮಾಟ್ಲಿಯವರ ಪೂರ್ವಾಶ್ರಮವಂತೂ ಪೀಠದವರೆಗೂ ಬೆನ್ನಟ್ಟಿ ಬಂತು. 1975ರಲ್ಲಿ ಲಿಂಗ ತಾರತಮ್ಯದ ಮೊಕದ್ದಮೆ ಎದುರಿಸುತ್ತಿದ್ದ ಸಲಿವನ್ ಅಂಡ್ ಕ್ರಾಮ್‌ವೆಲ್ ವಕೀಲ ಸಂಸ್ಥೆಯ ಕಡೆಯಿಂದ, ಅವರು ವಿಚಾರಣೆಯಿಂದ ಹಿಂದೆ ಸರಿಯಬೇಕೆಂಬ ಅರ್ಜಿ ಬಂತು. ಹಿನ್ನೆಲೆ, ಲಿಂಗ, ಜನಾಂಗಗಳೇ ಅಡ್ಡಿಯಾಗುವುದಾದರೆ ಈ ನ್ಯಾಯಾಲಯದ ಯಾವ ನ್ಯಾಯಾಧೀಶರೂ ಇದನ್ನು ಕೇಳುವಂತಿಲ್ಲ ಎಂಬರ್ಥದ ಆದೇಶ ಬರೆದು ಅರ್ಜಿಯನ್ನು ತಳ್ಳಿಹಾಕಿದರು. 1982ರಲ್ಲಿ ಅದೇ ಜಿಲ್ಲೆಯ ಮುಖ್ಯ ನ್ಯಾಯಾಧೀಶೆಯಾದರು.