ಒಂದೇ ಕಣ್ಣು, ಹಲವು ಶಾಸ್ತ್ರ



ಬೆಂಗಳೂರಿನ ಉತ್ತರ ಭಾಗಕ್ಕೆ ಹೋಗುವ ಬಸ್ಸುಗಳ ಮೇಲೆ ‘ಆರ್.ಟಿ. ನಗರ’ ಎಂಬ ಫಲಕವನ್ನು ನೀವು ನೋಡಿರುತ್ತೀರಿ. ನಿಮ್ಮಲ್ಲಿ ಕೆಲವರ ಮನೆ ಆ ಬಡಾವಣೆಯಲ್ಲೇ ಇರಬಹುದು. ಆ ಎರಡು ಅಕ್ಷರಗಳ ಹಿಂದೆ ಇರುವವರು ರವೀಂದ್ರನಾಥ ಟ್ಯಾಗೋರರು. ಅವರು ಕವಿಗಳೆಂದು ಎಲ್ಲರೂ ಬಲ್ಲರು. ಅರವತ್ತು ದಾಟಿದ ಮೇಲೆ ಅವರು ಚಿತ್ರಕಲೆಗೆ ಕೈ ಹಾಕಿದರು. 1937ರಲ್ಲಿ ‘ವಿಶ್ವಪರಿಚಯ’ ಎಂಬ ವಿಜ್ಞಾನದ ಪುಸ್ತಕವನ್ನು ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. 1928ರಲ್ಲಿ ಅವರು ಬೆಂಗಳೂರಿನಲ್ಲಿ ತಂಗಿ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದಾಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಅವರು ತತ್ತ್ವಶಾಸ್ತ್ರದ ವಿದ್ವಾಂಸರು. ಆದರೂ ಪ್ರಾಚೀನ ಭಾರತದ ವಿಜ್ಞಾನಗಳನ್ನು ಕುರಿತು 1915ರಲ್ಲೇ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ್ದರು.

ಎಸ್.ಎಸ್.ಎಲ್.ಸಿ. ಮುಗಿಯುತ್ತಲೇ ‘ಆರ್ಟ್ಸೋ ಸೈನ್ಸೋ’ ಎಂಬ ಪ್ರಶ್ನೆ ಎದುರಿಸುವ ನಿಮಗೆ ಇವರೆಲ್ಲ ಬೇರೆ ಲೋಕದವರಂತೆ ಕಾಣಬಹುದು. ಹೀಗೆ ಹಲವು ಶಾಸ್ತ್ರಗಳಲ್ಲಿ ಓಡಾಡಿದವರು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಲ್ಲವರಷ್ಟೆ ಎಂಬ ಅನುಮಾನವೂ ಬರಬಹುದು. ಅದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಸೀಲರು ನಡೆಸುತ್ತಿದ್ದ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಮುಂದೆ ಸಸ್ಯಶಾಸ್ತ್ರ ಓದಿದ ಒಬ್ಬ ತರುಣನ ಕಥೆ ಅದು. ಆತನೇ ಬಿ.ಜಿ.ಎಲ್. ಸ್ವಾಮಿ.

ಅವರ ತಂದೆ ಡಿ.ವಿ. ಗುಂಡಪ್ಪನವರು. ಮೆಟ್ರಿಕ್ ದಾಟದ ಡಿ.ವಿ.ಜಿ. ಪತ್ರಿಕೆ ನಡೆಸಿದರು, ‘ಮಂಕುತಿಮ್ಮನ ಕಗ್ಗ’ದಲ್ಲಿ ತತ್ತ್ವ ಹೇಳಿದರು, ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ‘ಅಂತಃಪುರ ಗೀತೆ’ ಕಟ್ಟಿದರು. ಬಸವನಗುಡಿಯ ಆ ಮನೆಯಲ್ಲಿ ಕಾವ್ಯ, ಕಲೆ, ವೇದಾಂತಗಳಿಗೆ ಬೇರೆ ಬೇರೆ ಕೋಣೆಗಳಿರಲಿಲ್ಲ. ಮಗ ಅಲ್ಲಿಗೆ ಗಿಡಮರಗಳನ್ನೂ ತಂದು ಸೇರಿಸಿದರು.

1940ರ ದಶಕದ ಕೊನೆಗೆ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಕೆಲಸ ಮಾಡಿದರು. ಅವರ ಎದುರಿಗಿದ್ದುದು ಡಾರ್ವಿನ್ನನನ್ನೂ ಕಾಡಿದ ಪ್ರಶ್ನೆ. ಭೂಮಿಯ ಇತಿಹಾಸದಲ್ಲಿ ಹೂಬಿಡುವ ಸಸ್ಯಗಳು ಇದ್ದಕ್ಕಿದ್ದಂತೆ ಎಲ್ಲಿಂದ ಬಂದವು? 1879ರಲ್ಲಿ ಗೆಳೆಯ ಹೂಕರನಿಗೆ ಬರೆದ ಪತ್ರದಲ್ಲಿ ಡಾರ್ವಿನ್ ಇದನ್ನು ಬಿಡಿಸಲಾಗದ ಒಗಟೆಂದೇ ಕರೆದಿದ್ದ. ಆಸ್ಟ್ರೇಲಿಯದ ಪೂರ್ವಕ್ಕಿರುವ ನ್ಯೂ ಕ್ಯಾಲಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಎಂಬ ಪೊದೆಯನ್ನು ಬೈಲಿ ಮತ್ತು ಸ್ವಾಮಿ ಸೂಕ್ಷ್ಮದರ್ಶಕದಡಿ ಇಟ್ಟರು. ಹೂಬಿಡುವ ಗಿಡಗಳ ಕಾಂಡದಲ್ಲಿ ಸಾಮಾನ್ಯವಾಗಿ ನೀರು ಸಾಗಿಸುವ ಅಗಲವಾದ ನಾಳಗಳಿರುತ್ತವೆ. ಇದರಲ್ಲಿ ಅವು ಇರಲೇ ಇಲ್ಲ. 1948ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು.

1951ರ ಲೇಖನ ಇನ್ನೂ ಸ್ವಾರಸ್ಯದ್ದು. ಅದನ್ನು ತಿಳಿಯಲು ನಿಮಗೆ ಪ್ರಯೋಗಶಾಲೆ ಬೇಕಿಲ್ಲ, ಚಳಿಗಾಲದಲ್ಲಿ ಮಾರುಕಟ್ಟೆಗೆ ಬರುವ ಒಂದು ಅವರೆಕಾಯಿ ಸಾಕು. ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿ ನೋಡಿ. ಕಾಳುಗಳೆಲ್ಲ ಒಂದೇ ಅಂಚಿಗೆ ಅಂಟಿವೆ. ಬಿಡಿಸಿದಾಗ ಒಂದು ಕಾಳು ಈ ಹೋಳಿಗೆ, ಮುಂದಿನದು ಆ ಹೋಳಿಗೆ ಸೇರುತ್ತದೆ. ಒಂದು ಎಲೆಯನ್ನು ನಡುನರದ ಮೇಲೆ ಮಡಿಸಿ ಎರಡು ಅಂಚುಗಳನ್ನು ಜೋಡಿಸಿದರೆ ಹೇಗೋ ಹಾಗೆ. ಗಿಡದ ಭಾಗಗಳೆಲ್ಲ ಎಲೆಯ ರೂಪಾಂತರಗಳು ಎಂದು 1790ರಲ್ಲಿ ಹೇಳಿದವನು ಜರ್ಮನ್ ಕವಿ ಗಯಟೆ ಎಂಬುದು ನೆನಪಿರಲಿ. ಬೈಲಿ ಮತ್ತು ಸ್ವಾಮಿ ಬಹು ಪುರಾತನ ಲಕ್ಷಣಗಳನ್ನು ಉಳಿಸಿಕೊಂಡ ಮರಗಳ ಹೂಗಳನ್ನು ಕೊಯ್ದು, ಬರೆದು, ಹೋಲಿಸಿ, ಹೂವಿನೊಳಗಿನ ಬೀಜಸಂಪುಟವು ಮೊದಲು ಹೀಗೆ ಮಡಿಸಿದ ಎಲೆಯಂತೆಯೇ ಇತ್ತು ಎಂದು ವಾದಿಸಿದರು. ಸಸ್ಯಶಾಸ್ತ್ರದ ಪಠ್ಯಗಳಿಗೆ ಈ ವಿಚಾರ ಬಹುಕಾಲ ಆಧಾರವಾಗಿತ್ತು.

ಮುಂದೆ ಏನಾಯಿತೆಂಬುದನ್ನೂ ಕೇಳಿ. 1999ರಲ್ಲಿ ಡಿ.ಎನ್.ಎ. ಹೋಲಿಸಿದ ವಿಜ್ಞಾನಿಗಳು, ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಆಂಬೊರೆಲ್ಲವೇ ಎಂದು ಕಂಡುಕೊಂಡರು. ಅರ್ಧ ಶತಮಾನ ಮೊದಲೇ ಸ್ವಾಮಿ ಅದನ್ನು ಕೈಗೆತ್ತಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಅದೇ ಆಂಬೊರೆಲ್ಲದ ಬೀಜಸಂಪುಟ ಮಡಿಸಿದ ಎಲೆಯಂತಿಲ್ಲ, ಚೀಲದಂತಿದೆ. ಹಾಗಾಗಿ ಮೊದಲ ರೂಪ ಚೀಲದ್ದೇ ಇರಬೇಕೆಂದು ಇಂದು ಅನೇಕರು ಭಾವಿಸುತ್ತಾರೆ. ಸಿದ್ಧಾಂತ ಸಡಿಲಗೊಂಡರೂ ಅವರು ಕಂಡು ಬರೆದ ವಿವರಗಳು ಹಾಗೆಯೇ ನಿಂತಿವೆ.

ಇದೇ ಕಣ್ಣನ್ನು ಸ್ವಾಮಿ ಬೇರೆ ಕಡೆಗೂ ತಿರುಗಿಸಿದರು. ‘ಶಾಸನಗಳಲ್ಲಿ ಗಿಡಮರಗಳು’ ಪುಸ್ತಕದಲ್ಲಿ ಕಲ್ಲಿನ ಬರಹಗಳಲ್ಲಿ ಬರುವ ಮರದ ಹೆಸರುಗಳನ್ನು ಹಿಡಿದು ಅವು ಯಾವ ಮರಗಳೆಂದು ವಿಚಾರಿಸಿದರು. ರಾಜರ ಬಿರುದಾವಳಿಯನ್ನಷ್ಟೇ ಓದುವವರ ಕಣ್ಣಿಗೆ ಈ ಮರಗಳು ಬೀಳುವುದಿಲ್ಲ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ನಾವು ನಮ್ಮದೇ ಎಂದು ನಂಬಿರುವ ಮೆಣಸಿನಕಾಯಿ, ಆಲೂಗೆಡ್ಡೆ, ಕಡಲೆಕಾಯಿಗಳ ಊರು ಯಾವುದೆಂದು ತೋರಿಸಿದರು. ಮೆಣಸಿನಕಾಯಿಯಿಲ್ಲದ ಸಾರು ನಮ್ಮ ಹಿರಿಯರು ಉಂಡದ್ದು ಎಷ್ಟು ಶತಮಾನ ಎಂದು ಯೋಚಿಸಿ! ವಿದ್ಯಾರ್ಥಿಗಳೊಡನೆ ಪಶ್ಚಿಮ ಘಟ್ಟಗಳಲ್ಲಿ ಅಲೆದ ‘ಹಸಿರು ಹೊನ್ನು’ವಿಗೆ ರೇಖಾಚಿತ್ರಗಳನ್ನು ಅವರೇ ಬಿಡಿಸಿದರು. ಆ ಚಿತ್ರಗಳನ್ನು ಹವ್ಯಾಸವೆಂದು ಕೆಲವರು ಕರೆಯುವುದುಂಟು, ನಾನು ಒಪ್ಪುವುದಿಲ್ಲ. ಎಲೆ ಕಾಂಡಕ್ಕೆ ಎಲ್ಲಿ ಸೇರುತ್ತದೆ ಎಂಬುದು ಬರೆಯಲು ಕುಳಿತಾಗಲೇ ಗೊತ್ತಾಗುವುದು. ಅವರಿಗೆ ಕಲೆ ಒಂದು ಉಪಕರಣವೇ ಆಗಿತ್ತು.

ಇಂಥ ಓಡಾಟಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಇದ್ದಾಗ ಸ್ವಾಮಿ ತಮಿಳು ಸಾಹಿತ್ಯದ ಕಾಲನಿರ್ಣಯಕ್ಕೂ ಇಳಿದರು. ಪ್ರಾಚೀನವೆಂದು ಹೇಳುವ ಕೃತಿಗಳಿಗೆ ಆಧಾರ ಎಲ್ಲಿ ಎಂದು ಕೇಳಿ, ಅವುಗಳ ಕಾಲವನ್ನು ಬಹಳ ಈಚೆಗೆ ತಂದರು. ತಮಿಳು ವಿದ್ವಾಂಸರು ಬಲವಾಗಿ ವಿರೋಧಿಸಿದರು; ಅವರ ತೀರ್ಮಾನಗಳನ್ನು ಇಂದು ಹೆಚ್ಚಿನ ಸಂಶೋಧಕರು ಒಪ್ಪುವುದಿಲ್ಲ. ಗಿಡದ ಮುಂದೆ ಕುಳಿತಾಗ ಇದ್ದ ತಾಳ್ಮೆ ಇಲ್ಲಿ ಪೂರ್ತಿ ಇರಲಿಲ್ಲವೇನೋ ಎಂದು ನನಗೂ ಅನ್ನಿಸುತ್ತದೆ. ಆದರೆ ಆಧಾರ ತೋರಿಸಿ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಸಸ್ಯವಿಜ್ಞಾನಿಗೆ ಇಲ್ಲವೆಂದು ಯಾರು ಹೇಳಬಲ್ಲರು?

ಸ್ವಾಮಿ 1980ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ‘ಹಸಿರು ಹೊನ್ನು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅದನ್ನು ವಿಜ್ಞಾನದ ಕಪಾಟಿನಲ್ಲಿ ಇಟ್ಟಿದ್ದಾರೋ ಕನ್ನಡದ ಕಪಾಟಿನಲ್ಲೋ, ಈ ವಾರವೇ ಹೋಗಿ ನೋಡಿ. ಸಿಕ್ಕರೆ ಅಲ್ಲೇ ನಿಂತು ನಾಲ್ಕು ಪುಟ ಓದಿ.