ಗೋಳಗುಮ್ಮಟದ ವ್ಯಾಸ: ಅಳತೆಯ ಆಧಾರವನ್ನು ಕುರಿತು

ವಿಜಯಪುರದಲ್ಲಿ ಮಹಮ್ಮದ ಆದಿಲಶಾಹನ (ಆಳ್ವಿಕೆ 1627–1656) ಸಮಾಧಿಯಾದ ಗೋಳಗುಮ್ಮಟದ ವ್ಯಾಸವು ಒಂದೆಡೆ 144 ಅಡಿ, ಮತ್ತೊಂದೆಡೆ 124 ಅಡಿ ಎಂದು ಬರೆಯಲ್ಪಟ್ಟಿದೆ. ಈ ಭೇದವನ್ನು ಪ್ರಮಾದವೆಂದೆಣಿಸಲಾಗದು. ಮೊದಲನೆಯದು ಹೊರಮೈಯ ಅಳತೆ, ಎರಡನೆಯದು ಒಳಮೈಯದು. ಗುಮ್ಮಟವು ಬುಡದಲ್ಲಿ ಸುಮಾರು 10 ಅಡಿ ದಪ್ಪವಿರುವುದರಿಂದ ಎರಡೂ ಸಂಖ್ಯೆಗಳು ಹೊಂದುತ್ತವೆ.

ಇಂದಿನ ಕಾರ್ಖಾನೆಗಳ ನಿರ್ದೇಶಾಂಕ ಮಾಪನಯಂತ್ರದಲ್ಲಿಯೂ ಇದೇ ನ್ಯಾಯವು ಕಂಡುಬರುತ್ತದೆ. ಅದರ ಸ್ಪರ್ಶಕದ ತುದಿಗುಂಡು ವಸ್ತುವನ್ನು ಮುಟ್ಟಿದಾಗ ಯಂತ್ರವು ಗುರುತಿಸುವುದು ಗುಂಡಿನ ಕೇಂದ್ರವನ್ನೇ ಹೊರತು ವಸ್ತುವಿನ ಮೈಯನ್ನಲ್ಲ. ಆದುದರಿಂದ ನಿಶ್ಚಿತ ವ್ಯಾಸದ ಪ್ರಮಾಣಗೋಲವನ್ನು ಮೊದಲು ಮುಟ್ಟಿಸಿ ಗುಂಡಿನ ವ್ಯಾಸವನ್ನು ನಿರ್ಧರಿಸುತ್ತಾರೆ. ಬಳಿಕ ಅದನ್ನು ಹೊರವ್ಯಾಸದಿಂದ ಕಳೆಯುತ್ತಾರೆ, ಒಳವ್ಯಾಸಕ್ಕೆ ಕೂಡಿಸುತ್ತಾರೆ.

ಮುಟ್ಟಿದ ಮೈಯನ್ನೂ ಹೋಲಿಸಿದ ಪ್ರಮಾಣವನ್ನೂ ಹೇಳದ ಸಂಖ್ಯೆಯಿಂದ, ಮುಂದೆ ಕಂಡುಬರುವ ವ್ಯತ್ಯಾಸವು ಕಲ್ಲುಕಟ್ಟಡದ ಸರಿತವೋ ಅಳೆಯುವ ಕ್ರಮದ ಭೇದವೋ ತಿಳಿಯದು. ಆದುದರಿಂದ ಸ್ಮಾರಕಗಳನ್ನು ಅಳೆಯುವ ನಾವು ಸಂಖ್ಯೆಯೊಡನೆ ಅದರ ಆಧಾರವನ್ನೂ ದಾಖಲಿಸತಕ್ಕದ್ದು.