ಡುನೀಡಿನ್ನಿನ ಚಿಲ್ಸ್ ವಾದ್ಯಗೋಷ್ಠಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಡುನೀಡಿನ್ ಪಟ್ಟಣವು 1848ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ವಲಸೆಗಾರರು ನೆಲೆಗೊಳಿಸಿದುದು. ಎಡಿನ್‌ಬರೋ ನಗರಕ್ಕಿರುವ ಗೇಲಿಕ್ ಹೆಸರೇ ಇದರ ಹೆಸರಿಗೆ ಮೂಲ. 1861ರಲ್ಲಿ ಒಟಾಗೋ ಪ್ರಾಂತದಲ್ಲಿ ಚಿನ್ನವು ದೊರೆತು ಊರು ಸಿರಿವಂತವಾಯಿತು. 1869ರಲ್ಲಿ ಆ ದೇಶದ ಮೊದಲನೆಯ ವಿಶ್ವವಿದ್ಯಾನಿಲಯವೂ ಅಲ್ಲಿಯೇ ಸ್ಥಾಪಿತವಾಯಿತು. ಚಿನ್ನದ ಕಾಲವು ಕಳೆದ ಬಳಿಕ ವ್ಯಾಪಾರವು ಉತ್ತರದ ಕಡೆಗೆ ಸರಿಯಿತು. ವಿದ್ಯಾರ್ಥಿಗಳೂ ಚಳಿಯೂ ಉಳಿದುವು.

ಆ ಚಳಿಯ ಹೆಸರನ್ನೇ ಹೊತ್ತಂತಿರುವ ‘ದಿ ಚಿಲ್ಸ್’ ಎಂಬ ಗಿಟಾರ್ ವಾದ್ಯಗೋಷ್ಠಿಯು 1980ರಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಮಾರ್ಟಿನ್ ಫಿಲಿಪ್ಸರಿಗೆ ಆಗ ಹದಿನೇಳು ವರ್ಷ. ಮರುವರ್ಷ ರೋಜರ್ ಶೆಫರ್ಡ್ ಎಂಬವರು ಕ್ರೈಸ್ಟ್‌ಚರ್ಚಿನಲ್ಲಿ ‘ಫ್ಲೈಯಿಂಗ್ ನನ್’ ಎಂಬ ಧ್ವನಿಮುದ್ರಿಕೆಗಳ ಸಂಸ್ಥೆಯನ್ನು ತೆರೆದರು. 1982ರಲ್ಲಿ ಆ ಸಂಸ್ಥೆಯು ಡುನೀಡಿನ್ನಿನ ನಾಲ್ಕು ಗೋಷ್ಠಿಗಳನ್ನು ಎರಡು ತಟ್ಟೆಗಳಲ್ಲಿ, ಪಕ್ಕಕ್ಕೊಂದರಂತೆ, ಹೊರತಂದಿತು. ಅವುಗಳಲ್ಲಿ ಚಿಲ್ಸ್ ಒಂದು. ಅದನ್ನು ಮುದ್ರಿಸಿದುದು ಕ್ರಿಸ್ ನಾಕ್ಸ್ ಎಂಬವರ ನಾಲ್ಕು ಪಥಗಳ ಟೇಪು ಯಂತ್ರದಲ್ಲಿ. ಹಣವಿದ್ದಿದ್ದರೆ ಆ ಹಾಡುಗಳು ಹೆಚ್ಚು ನಯವಾಗುತ್ತಿದ್ದುವು, ಹೆಚ್ಚು ಒಳ್ಳೆಯವಾಗುತ್ತಿದ್ದುವೆಂದು ಹೇಳುವಂತಿಲ್ಲ. ತಂತಿಗಳ ಝಣತ್ಕಾರವೂ ಅದರ ಹಿಂದಿನ ಮಸುಕಾದ ಮೊರೆತವೂ ಸೇರಿದ ಆ ನಾದಕ್ಕೆ ಡುನೀಡಿನ್ ನಾದವೆಂದೇ ಹೆಸರಾಯಿತು.

ಗೋಷ್ಠಿಯ ತಮ್ಮಟೆಗಾರ ಮಾರ್ಟಿನ್ ಬುಲ್ 1983ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಸಾಯುವ ಮುನ್ನ ಅವರು ತಮ್ಮ ಚರ್ಮದ ಅಂಗಿಯನ್ನು ಫಿಲಿಪ್ಸರಿಗೆ ಬಿಟ್ಟುಹೋದರು. 1986ರಲ್ಲಿ ಅದೇ ಒಂದು ಹಾಡಿಗೆ ವಸ್ತುವಾಯಿತು. ಬುಲ್ಲರು ಬದುಕಿದ್ದಾಗ ಮುದ್ರಿತವಾಗಿದ್ದ ‘ಪಿಂಕ್ ಫ್ರಾಸ್ಟ್’ ಹೊರಬಂದುದು 1984ರಲ್ಲಿ. ಅನಂತರ ಸದಸ್ಯರು ಮೇಲಿಂದ ಮೇಲೆ ಬದಲಾಗುತ್ತ ಹೋಗಿ, ಉದ್ದಕ್ಕೂ ಉಳಿದವರು ಫಿಲಿಪ್ಸರೊಬ್ಬರೇ. 1990ರ ‘ಸಬ್‌ಮರೀನ್ ಬೆಲ್ಸ್’ ಸಂಪುಟವು ಸ್ವದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಎರಡು ವರ್ಷಗಳಲ್ಲಿಯೇ ಗೋಷ್ಠಿಯು ಒಡೆಯಿತು. 1996ರ ಸಂಪುಟದಿಂದ 2015ರ ‘ಸಿಲ್ವರ್ ಬುಲೆಟ್ಸ್’ವರೆಗೆ ಹತ್ತೊಂಬತ್ತು ವರ್ಷಗಳ ಅಂತರವಿರುವುದು. ಈ ನಡುವೆ ಮಾದಕವಸ್ತುಗಳ ಚಟವೂ ಹೆಪಟೈಟಿಸ್ ಸಿ ರೋಗವೂ ಅವರನ್ನು ಹಿಂಡಿದುವು. ಹೊಸ ಔಷಧದಿಂದ ಆ ರೋಗವೇನೋ ಗುಣವಾಯಿತು. ಯಕೃತ್ತಿಗೆ ಆಗಿದ್ದ ಹಾನಿಯು ಹೋಗಲಿಲ್ಲ.

ಹರೆಯದಲ್ಲಿ ಕಟ್ಟಿ ಎಂದೂ ಮುದ್ರಿಸದೆ ಬಿಟ್ಟಿದ್ದ ಹಾಡುಗಳನ್ನು ಫಿಲಿಪ್ಸರು ಕಡೆಗಾಲದಲ್ಲಿ ಕೈಗೆತ್ತಿಕೊಂಡರು. ಇಲ್ಲೊಂದು ತೊಡಕಿತ್ತು. ಇಪ್ಪತ್ತರ ಹುಡುಗನು ಬರೆದ ಮಾತುಗಳನ್ನು ಅರುವತ್ತರವನು ಹಾಗೆಯೇ ಹಾಡಿದರೆ ವೇಷವಾದೀತು. ತಿದ್ದಿದರೆ ಆ ಹುಡುಗನ ಸುಳಿವೇ ಅಳಿದೀತು. ಅವರು ರಾಗಗಳನ್ನು ಉಳಿಸಿಕೊಂಡು ಮಾತುಗಳನ್ನು ಬೇಕಾದಲ್ಲಿ ಹೊಸದಾಗಿ ಹೆಣೆದರು. ತಾರುಣ್ಯದ ಹಾಡನ್ನು ತಾರುಣ್ಯದಲ್ಲಿಯೇ ಮುದ್ರಿಸಬೇಕಿತ್ತೆನ್ನುವವರು, ಆಗ ಅದಕ್ಕೆ ಬಿಡುವನ್ನೂ ಹಣವನ್ನೂ ಕೊಡುವವರು ಯಾರಿದ್ದರೆಂಬುದನ್ನು ಮರೆಯುವರು.

2024ರ ಜುಲೈ 28ರಂದು ಫಿಲಿಪ್ಸರು ತಮ್ಮ 61ನೆಯ ವಯಸ್ಸಿನಲ್ಲಿ ಡುನೀಡಿನ್ನಿನ ಮನೆಯಲ್ಲಿ ತೀರಿಕೊಂಡರು. ‘ಸ್ಪ್ರಿಂಗ್ ಬೋರ್ಡ್’ ಎಂಬ ಹೆಸರಿನ ಆ ಸಂಪುಟವು 2025ರಲ್ಲಿ ಪ್ರಕಟವಾಯಿತು.